ಕೊಪ್ಪರಿಗೆ ನೀರಿಗೆ ಬಿಡುತ್ತಿದ್ದ ಕಾಕಾ

ಕಾಕಾರ ಅಂಗೈಯಲ್ಲಿ ರೇಖೆಗಳೇ ಇರಲಿಲ್ಲ. ಕುದಿಯುವ ಬೆಲ್ಲದ ಪಾಕ ಸಿಡಿದು ಸಿಡಿದು ಎರಡೂ ಕೈ ತಿಕ್ಕಿದ ತಾಟಿನಂತೆ ನುಣ್ಣಗಾಗಿದ್ದವು. "ನನ್ನ ಕೈ ನೋಡಿದ ಜೋಯಿಸ ಚಾ ಕುಡದು ಸುಮ್ಮನ ಎದ್ದ ಹೋದ" ಎಂದು ತಾವೇ ನಗುವರು.

ಅಕ್ಕಲಕೋಟದ ಆಚೆ, ಹಳ್ಳದ ದಂಡೆಯ ನಮ್ಮ ಊರಲ್ಲಿ ಅವರದು ಕಬ್ಬಿನ ಗಾಣ. ನಮ್ಮದು ಪಕ್ಕದ ಮನೆ. ಮಳೆಗಾಲದಲ್ಲಿ ಗಾಣ ಬಂದ್. ಹಳ್ಳದ ಮೇಲುಗಡೆ ಮಳೆಯಾದರೆ ಸಣ್ಣ ಸೇತುವೆ ಮುಳುಗಿ, ನೀರು ಬಂಡೆಗಳ ಮೇಲೆ ಬೆಳ್ಳಗೆ ನೊರೆಯಾಗಿ ಹಾರುತ್ತಿತ್ತು. ಆಗ ಕಾಕಾ ಬೆಲ್ಲ ಕಾಸುವ ಕಬ್ಬಿಣದ ಕೊಪ್ಪರಿಗೆಯನ್ನೇ ಉರುಳಿಸಿಕೊಂಡು ಬಂದು, ಜನರನ್ನು ದಾಟಿಸಲು ನೀರಿಗಿಳಿಸುವರು. ಪಾಕ ತಿರುವುವ ಹುಟ್ಟೇ ದೋಣಿಯ ಹುಟ್ಟು.

ಇಳಿಸುವ ಮೊದಲು ತಳವನ್ನು ಅಂಗೈಯಿಂದ ಸವರುವರು. ಹಗ್ಗವನ್ನು ಮೊಳ ಮೊಳ ಎಳೆದು ನೋಡುವರು, ಅದೂ ಎರಡು ಸಲ. ಸಾಲಿ ಮಾಸ್ತರರೊಬ್ಬರು "ತೂತು ಇಲ್ಲ ಹೌದಲ್ಲೊ?" ಎಂದದ್ದಕ್ಕೆ, "ನಲವತ್ತ ವರ್ಷ ಪಾಕ ಹೊರಗ ಹೋಗಿಲ್ರಿ ಮಾಸ್ತರ, ನೀರ ಒಳಗ ಹೆಂಗ ಬರ್ತದ?" ಎಂದಿದ್ದರು.

ಕೊಪ್ಪರಿಗೆಗೆ ಕಟ್ಟಿದ ಹಗ್ಗವನ್ನು ಈಚೆ ದಂಡೆಯ ಬೇವಿನ ಮರಕ್ಕೆ ಸುತ್ತಿ ಸಡಿಲ ಬಿಡುತ್ತ ಹೋಗುವ ಕೆಲಸ ನನ್ನದು. ಕಾಕಾ ಹೇಳಿಕೊಟ್ಟಿದ್ದರು: "ನೀರಿನ ಸಪ್ಪಳದಾಗ ಪುರಾಣ ಕೇಳಿಸೂದಿಲ್ಲ ಯವ್ವಾ. ಎರಡ ಮಾತು. 'ಬಿಡು' ಅಂದ್ರ ಬಿಡು. 'ಬಸ್' ಅಂದ್ರ ಮುಟ್ಟೀವಿ, ಬಿಗಿ. ನಡುನೀರಾಗ ಬಿಗದ್ರ ಕೊಪ್ಪರಿಗಿ ಮಗಚತದ."

ಮೂರು ಮಳೆಗಾಲದ ಹಿಂದೆ ಅವರ ಸೊಸೆಗೆ ಏಳು ತಿಂಗಳು, ಮೇಲೆ ಸುಡುವ ಜ್ವರ. ಅಕ್ಕಲಕೋಟದ ದವಾಖಾನೆಗೆ ಒಯ್ಯಲೇಬೇಕಿತ್ತು. ಗಂಡ ಆಚೆ ದಂಡೆಯಲ್ಲಿ ಜೀಪು ತಂದು ನಿಂತಿದ್ದ. ಸೊಸೆ ಸೋಲಾಪುರದ ಮರಾಠಿ ಮನೆತನದವಳು. ಅವಳ ಜೊತೆ ಕಾಕಾ ಮರಾಠಿಯಲ್ಲೇ ಮಾತಾಡುವರು.

ನಡುನೀರಿನಲ್ಲಿ ಕೊಪ್ಪರಿಗೆ ಗಿರ್ರನೆ ತಿರುಗಿತಂತೆ, ಹೆದರಿ ಅವಳು ಎದ್ದು ನಿಂತಳಂತೆ. ಮಳೆಯ ತೆರೆಯಲ್ಲಿ ನನಗೆ ಏನೂ ಕಾಣಲಿಲ್ಲ. ಕಾಕಾರ ಕೂಗು ಮಾತ್ರ ಕೇಳಿತು: "ಬಸ್! ಬಸ್!"

ಮರಾಠಿಯಲ್ಲಿ ಅದು 'ಕೂತುಕೋ' ಎಂಬ ಮಾತು. ನನ್ನ ಕಿವಿಗೆ ಬಿದ್ದದ್ದು ನಮ್ಮ ಹಗ್ಗದ ಮಾತು. ಬೇವಿಗೆ ಎರಡು ಸುತ್ತು ಹಾಕಿ ಬಿಗಿದೆ.

ಕೊಪ್ಪರಿಗೆ ಮಗುಚಿತು. ಕಾಕಾ ಸೊಸೆಯನ್ನು ಎತ್ತಿ ಆಚೆಗೆ ನೂಕಿದರು, ಮಗ ನೀರಿಗಿಳಿದು ಎಳೆದುಕೊಂಡ. ಅವಳು ಉಳಿದಳು, ಹೊಟ್ಟೆಯ ಕೂಸೂ ಉಳಿಯಿತು. ಕಾಕಾ ಕೆಳಗೆ ಬಂಡೆಯ ಸಂದಿಯಲ್ಲಿ ಸಿಕ್ಕರು, ಎದೆಯ ಎಲುಬು ಮುರಿದು.

ಸೋಲಾಪುರದ ದವಾಖಾನೆಯಲ್ಲಿ ಅವರ ಮಂಚದ ಹತ್ತಿರ ಕೂತು ನಾನು ಅತ್ತುಬಿಟ್ಟೆ. "ಕಾಕಾ, ನಾ ಬಿಗದೆ."

"ನೀ ಸರಿ ಕೇಳೀದಿ. ನಾ ನೀರಾಗ ಎರಡನೇ ಭಾಷಾ ತಂದೆ." ಉಸಿರು ತೆಗೆದುಕೊಂಡು ಹೇಳಿದರು: "ಹಗ್ಗ ಸವದಿತ್ತು, ಹರೀತು ಅಂತ ಎಲ್ಲಾರಿಗೂ ಹೇಳೀನಿ. ನೀನೂ ಹಂಗ ಅನ್ನು. ಬಾಜೂ ಮನಿ ಅದ ಯವ್ವಾ, ದಿನಾ ಮಾರಿ ನೋಡಬೇಕು ನೀನೂ ನನ್ನ ಸೊಸೀನೂ."

ಮರುದಿನ ತೀರಿಹೋದರು. ಅವರ ಮಗ ಹಳ್ಳಕ್ಕೆ ಬರುವ ಮೊದಲೇ ಬೇವಿಗೆ ಸುತ್ತಿದ್ದ, ಎಲ್ಲೂ ಹರಿಯದ ಹಗ್ಗವನ್ನು ಒಲೆಗೆ ಹಾಕಿದ್ದೆ.

ಊರವರು ಈಗಲೂ, "ಮುದುಕ ಹಗ್ಗ ನೋಡದೇ ಬಸರಿ ಹೆಂಗಸಿನ್ನ ನೀರಿಗಿಳಿಸಿದ" ಎನ್ನುತ್ತಾರೆ. ನಾನು ಆ ಸೊಸೆಯ ಮಗುವಿಗೆ ಎಣ್ಣೆ ಹಚ್ಚಿ ಎರೆಯುತ್ತೇನೆ. ಹೋದ ವಾರ ಅವಳೇ ಮಾವನ ಮಾತು ತೆಗೆದು ಕೇಳಿದಳು, "ಕಾಕೂ, ಮಾಮಾ ಖರೇನ ಹಗ್ಗ ನೋಡಿದ್ದಿಲ್ಲೇನ್ರಿ?"

"ನೋಡಿದ್ರು" ಎಂದೆ. ಮಗುವಿನ ನೆತ್ತಿಗೆ ಇನ್ನಷ್ಟು ಎಣ್ಣೆ ಹಾಕಿದೆ.

ಉಳಿದ ಮಾತನ್ನು ಇಲ್ಲಿ ಬರೆದಿದ್ದೇನೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ. ಆ ಧೈರ್ಯದ ಮೇಲೆಯೇ ಬರೆದೆನೇನೋ.