ಭೈರಮ್ಮ ಹೊಲಿದ ತೂತು

ತಿಪಟೂರಿನ ಏಕಾಂತಯ್ಯನವರ ಕೊಬ್ಬರಿ ಮಂಡಿಯಲ್ಲಿ ಭೈರಮ್ಮನಿಗೆ ಇದ್ದದ್ದು ಒಂದೇ ಕೆಲಸ, ಹರಿದ ಗೋಣಿಚೀಲಕ್ಕೆ ತೇಪೆ ಹಾಕೋದು. ಹಂದನಕೆರೆ ಕಡೆಯ ಹೆಣ್ಣು. ಗಂಡ ಸತ್ತ ವರ್ಷ ಹಿಡಿದ ದಬ್ಬಣ, ಐವತ್ತು ದಾಟಿದರೂ ಕೆಳಗಿಟ್ಟಿರಲಿಲ್ಲ. ಇಲಿ ಕಡಿದದ್ದೋ ಕೊಕ್ಕೆ ಎಳೆದದ್ದೋ, ಯಾವ ತೂತಾದರೂ ಸರಿ, ಅದೇ ಚೀಲದ ಅಂಚಿನಿಂದ ಎಳೆ ಬಿಡಿಸಿಕೊಂಡು ಹೊಲಿದುಬಿಡುವಳು. ಬಾಯಿ ಮಾತ್ರ ಜೋರು. ಚೀಲ ದರದರ ಎಳೆಯುವ ಹಮಾಲರನ್ನು ಕಂಡರೆ, "ನಿಮ್ಮ ಚಡ್ಡೀನೂ ಹಿಂಗೇ ಎಳೆದಾಡ್ತೀರೇನ್ರಲಾ" ಅನ್ನುವಳು. ಅವರೂ ನಕ್ಕು ಎತ್ತಿಕೊಂಡು ಹೋಗುವರು.

ಎಂಬತ್ತಾರನೇ ಇಸವಿಯಲ್ಲಿ, ಸಂಕ್ರಾಂತಿ ಕಳೆದ ಮೇಲೆ, ಮಂಡಿಯ ಗುಮಾಸ್ತ ಬಂದು ನಿಂತ. "ಬರೋ ಸೋಮವಾರದಿಂದ ಪ್ಲಾಸ್ಟಿಕ್ ಚೀಲ ಬತ್ತವೆ ಕಣಮ್ಮ. ತೇಪೆ ಕೆಲ್ಸ ಇರಕಿಲ್ಲ." ಅಷ್ಟು ಹೇಳಿ ಕಾಫಿಗೆ ಹೋದ, ಪುಣ್ಯಾತ್ಮ. ಭೈರಮ್ಮ ದಬ್ಬಣ ಹಿಡಿದೇ ಲೆಕ್ಕ ಹಾಕಿದಳು. ಕಾಯಿ ಸುಲಿಯೋಣ ಅಂದರೆ ರಟ್ಟೆಯಲ್ಲಿ ಬಲವಿಲ್ಲ. ಹುಳಿಯಾರಿನ ಮಗಳ ಮನೆಗೆ ಹೋಗೋಣ ಅಂದರೆ ಅಳಿಯನ ಮುಂದೆ ತಟ್ಟೆ ಹಿಡಿದು ಕೂರಬೇಕು. ಅದಕ್ಕಿಂತ ಉಪವಾಸವೇ ವಾಸಿ ಅನ್ನಿಸಿತು.

ಅದೇ ವಾರ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು ಬೆಟ್ಟಸ್ವಾಮಿ ಮಂಡಿಗೆ ಬಂದು ಹತ್ತು ಹಳೇ ಚೀಲ ಕೇಳಿ ಪಡೆದರು. ಮೈಸೂರಲ್ಲಿ ಚಿತ್ರ ಕಲಿತು ಬಂದ ಆಸಾಮಿ. ಚೀಲಗಳನ್ನು ಬಿಚ್ಚಿ ಒಂದೇ ಪರದೆಯಾಗಿ ಜೋಡಿಸಿಕೊಡು ಅಂತ ಭೈರಮ್ಮನನ್ನೇ ಕರೆದರು. ಇದ್ಯಾವ ಹುಚ್ಚು ಅಂದುಕೊಂಡೇ ಅವಳು ಹೊಲಿದುಕೊಟ್ಟಳು. ಶನಿವಾರ ಸಂಜೆ ಹೈಸ್ಕೂಲಿನಲ್ಲಿ ಪ್ರದರ್ಶನ, ಚೀಲ ಕೊಟ್ಟ ಏಕಾಂತಯ್ಯನವರದೇ ಉದ್ಘಾಟನೆ.

ಅವತ್ತು ಭೈರಮ್ಮ ತೊಳೆದ ಸೀರೆ ಉಟ್ಟು ಬೇಗನೇ ಹೋದಳು. ಸಭಾಂಗಣದ ಪಶ್ಚಿಮದ ದೊಡ್ಡ ಬಾಗಿಲಿಗೆ ಪರದೆ ಇಳಿಬಿಟ್ಟಿದ್ದರು. ಹಿಂದಿನಿಂದ ಬಿಸಿಲು ಬಿದ್ದು ಗೋಣಿಯ ಸಂದುಸಂದಿನಲ್ಲೂ ಬೆಳಕು ಚುಕ್ಕಿಚುಕ್ಕಿಯಾಗಿ ನಿಂತಿತ್ತು. ಅವಳ ತೇಪೆಗಳು ದಟ್ಟವಾಗಿ ಎದ್ದು ಕಂಡವು. ಎಲಾ, ಇಷ್ಟೊಂದು ಹೊಲಿದಿದೀನಾ ಅಂತ ಅವಳಿಗೇ ಬೆರಗು. ಆದರೆ ನಟ್ಟನಡುವೆ ಬೊಗಸೆಯಗಲ ಒಂದು ತೂತು. ಹೊಲಿದವಳು ಯಾರು ಅಂತ ಊರಿಗೇ ಗೊತ್ತು. ಮಾನ ಹೋಯ್ತಲ್ಲಪ್ಪ ಅಂದುಕೊಂಡು ಸೆರಗಿನಿಂದ ದಬ್ಬಣ ತೆಗೆದಳು. ಜನ ಸೇರುವಷ್ಟರಲ್ಲಿ ತೂತು ಮುಚ್ಚಿತ್ತು.

ಮೇಷ್ಟ್ರು ನೋಡಿ ತಲೆ ಮೇಲೆ ಕೈ ಹೊತ್ತರು. "ಏನ್ ಮಾಡ್ಬಿಟ್ಟೆ ಭೈರಮ್ಮ! ಅದು ನಾನೇ ಕತ್ತರಿಸಿದ್ದು ಕಣಮ್ಮ. ಅದರೊಳಗೆ ಆಚೆ ತೋಟ ಕಾಣ್ಬೇಕಿತ್ತು."

"ತೋಟ ನೋಡಕೆ ಆಚೆಗೇ ಹೋಗ್ಬೋದಲ್ಲ ಸಾ. ಚೀಲ ಯಾಕ್ ಕತ್ತರಿಸ್ಬೇಕು?"

ಅಷ್ಟರಲ್ಲಿ ಏಕಾಂತಯ್ಯನವರು ಬಂದರು. ಇಣುಕಲು ತೂತು ಇಲ್ಲದ್ದರಿಂದ ಗೋಣಿಯನ್ನೇ ನೋಡುತ್ತ ನಿಂತರು. ಮೂವತ್ತು ವರ್ಷ ಚೀಲದ ಮೇಲೆ ಕೂತು ವ್ಯಾಪಾರ ಮಾಡಿದವರು, ಒಂದು ಚೀಲವನ್ನೂ ಹಿಂಗೆ ನೋಡಿದವರಲ್ಲ. ಹೊಸ ತೇಪೆಯ ಮೇಲೆ ಅಂಗೈ ಇಟ್ಟರು. ಪಕ್ಕದಲ್ಲೂ ಇಟ್ಟರು. ಎಲ್ಲ ಕಡೆಯಿಂದಲೂ ಸಣ್ಣಗೆ ಗಾಳಿ ಕೈಗೆ ತಾಕುತ್ತಿತ್ತು.

"ಮೇಷ್ಟ್ರೇ, ಇದು ಉಸಿರಾಡ್ತದಲ್ರೀ," ಅಂದರು. ಆಮೇಲೆ ಗುಮಾಸ್ತನ ಕಡೆ ತಿರುಗಿದರು. "ದಿಲ್ಲಿ ಮುಟ್ಟಕ್ಕೆ ಕೊಬ್ಬರಿಗೆ ಎಷ್ಟು ದಿನ ಬೇಕಯ್ಯ? ಅಷ್ಟು ದಿನ ಪ್ಲಾಸ್ಟಿಕ್ಕಲ್ಲಿ ಕಟ್ಟಿಟ್ರೆ ಬೆವೆತು ಬೂಷ್ಟು ಹಿಡಿಯಲ್ವಾ? ಇದು ನಂಗ್ಯಾಕೆ ಹೊಳೀಲಿಲ್ಲ? ಆ ಚೀಲ ಬ್ಯಾಡ ಅಂತ ಇವತ್ತೇ ಕಾಗದ ಹಾಕು." ಮೇಷ್ಟ್ರು ಕೊಟ್ಟ ಕತ್ತರಿ ಅವರ ಕೈಯಲ್ಲೇ ಇತ್ತು, ಉದ್ಘಾಟನೆಯ ಟೇಪು ಕತ್ತರಿಸುವುದೇ ಮರೆತುಹೋಗಿತ್ತು.

ಭೈರಮ್ಮ ದಬ್ಬಣವನ್ನು ಸೆರಗಿಗೆ ಸಿಕ್ಕಿಸಿಕೊಂಡಳು. ಸಾವ್ಕಾರ್ರ ಜತೆ ನೇರ ಮಾತಾಡಿದವಳೇ ಅಲ್ಲ ಅವಳು. ಆದರೆ ಇದನ್ನು ಇನ್ಯಾರು ಕೇಳಬೇಕು? ಜನರ ನಡುವೆ ನುಗ್ಗಿ ಮುಂದೆ ಬಂದಳು.

"ಸಾವ್ಕಾರ್ರೇ, ಹಂಗಾರೆ ಸೋಮವಾರ ನಾನ್ ಬರ್ಬೇಕೋ ಬ್ಯಾಡ್ವೋ?"

ಏಕಾಂತಯ್ಯನವರು ಅವಳ ಮುಖ ನೋಡಿದರು. ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

"ಯಾಕಮ್ಮ, ನೀನೆಲ್ಲಿಗೆ ಹೊರಟಿದ್ದೆ?"

ಆರು ದಿನ ಅನ್ನ ನೆಟ್ಟಗೆ ಒಳಗೆ ಇಳಿದಿರಲಿಲ್ಲ ಅವಳಿಗೆ. ಪ್ಲಾಸ್ಟಿಕ್ ಬಂದರೆ ಅವಳ ಕೆಲಸ ಹೋಗುತ್ತೆ ಅನ್ನೋದೇ ಈ ದೊಡ್ಡ ಮನುಷ್ಯರ ತಲೆಗೆ ಹೊಳೆದಿರಲಿಲ್ಲ. ಕೆಲಸ ಉಳಿದ ಸಂತೋಷವೂ, ಹೊಟ್ಟೆಯೊಳಗಿನ ಸಿಟ್ಟೂ ಒಟ್ಟಿಗೇ ಉಕ್ಕಿ ಬಂದವು.

"ಎಲ್ಲಿಗೂ ಇಲ್ಲ ಬುಡಿ," ಅಂದಳು ಭೈರಮ್ಮ.