ಊರುಗೋಲಿಗೇ ನಿಮ್ಮ ಮತ

ಕುರ್ಚಿ ಬಿಟ್ಟು ಏಳಲಾರದ ರಾಜಕಾರಣಿ ಎಂದು ಯಾರಾದರೂ ಬೈದರೆ ನನಗೆ ಸಿಟ್ಟು ಬರುವುದಿಲ್ಲ. ಅದು ಇದ್ದ ಸಂಗತಿಯೇ. ಪೋಲಿಯೊ ಬಂದಾಗಿನಿಂದ ನನ್ನ ಎಡಗಾಲು ಹೆಸರಿಗಷ್ಟೇ ನನ್ನದು. ಈಗೇನೋ ಪಂಚಾಯಿತಿ ಸದಸ್ಯನಾಗಿದ್ದೇನೆ. ಮೊದಲ ಸಲ ಚುನಾವಣೆಗೆ ‘ನಿಂತಿದ್ದೇನೆ’ ಎಂದಾಗ ಇಂಡಿ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಎಲ್ಲರಿಗಿಂತ ಮೊದಲು ನಕ್ಕವನು ನಾನೇ. ಬೇರೆಯವರು ನಗುವ ಮೊದಲೇ ನಕ್ಕುಬಿಡುವುದು ನನ್ನ ಚಟ.

ಒಳಗೆ ಮಾತ್ರ ಹಟವಿತ್ತು. ಊರಿನವರು ಬಸ್ಸಿನಲ್ಲಿ ಸೀಟು ಬಿಟ್ಟುಕೊಡುತ್ತಿದ್ದರು, ಮದುವೆಯಲ್ಲಿ ಮೊದಲ ಪಂಕ್ತಿಗೆ ಕೂರಿಸುತ್ತಿದ್ದರು, ಕೊನೆಗೆ ‘ಪಾಪ’ ಎನ್ನುತ್ತಿದ್ದರು. ಆ ಪಾಪ ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು. ಮನೆಮನೆಗೂ ಹೋಗಿ ಹೇಳಿದೆ: “ಕಾಲು ನೋಡಿ ಓಟು ಹಾಕಬ್ಯಾಡ್ರಿ. ಉಳದ ರಾಜಕಾರಣಿಗಳನ್ನ ಹೆಂಗ ನೋಡ್ತೀರಿ, ನನ್ನೂ ಹಂಗ ನೋಡ್ರಿ.” ಗೆದ್ದರೆ ಹಾಗೆಯೇ ಗೆಲ್ಲಬೇಕಿತ್ತು.

ಇಂಥ ಸ್ವಾಭಿಮಾನಿ ಮಾಡಿದ್ದೇನು? ಚುನಾವಣಾ ಚಿಹ್ನೆಗಳಲ್ಲಿ ಊರುಗೋಲು ಕಂಡದ್ದೇ ತಡ, ಅದನ್ನೇ ಕೇಳಿ ಪಡೆದೆ. ಎದುರಾಳಿ ಗೋಡೆಗೋಡೆಗೆ ಪೋಸ್ಟರ್ ಅಂಟಿಸಬೇಕು, ನನ್ನ ಚಿಹ್ನೆ ನನ್ನ ಜೊತೆಗೇ ತಿರುಗಾಡುತ್ತದೆ. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ.

ಮತದಾನದ ದಿನ ಶಾಲೆಯ ಮುಂದೆ ಸುಣ್ಣದ ಗೆರೆ ಎಳೆದಿದ್ದರು. ನಾನು ಅದನ್ನು ದಾಟುವಷ್ಟರಲ್ಲಿ ಎದುರಾಳಿಯ ಏಜೆಂಟ್ ಕೂಗಿದ: “ಸಾಹೇಬ್ರ, ಚಿಹ್ನೆ ಹಿಡ್ಕೊಂಡು ಒಳಗ ಬರಾಕತ್ತಾರ್ರಿ!”

ಚುನಾವಣೆ ನಡೆಸಲು ಬಂದವರು ಸಿಂದಗಿ ಕಡೆಯ ಒಬ್ಬ ಮಾಸ್ತರು. ನನ್ನ ಕಾಲನ್ನೂ ಕೋಲನ್ನೂ ನೋಡಿ ಬೆವರಿದರು. “ಏನ್ ಮಾಡ್ಲಿರಿ, ಗೆರಿ ಒಳಗ ಯಾರ ಚಿಹ್ನೆನೂ ಬರೂಹಂಗಿಲ್ಲ. ಕೋಲು ಹೊರಗ ಇಟ್ಟು ಬರ್ರಿ,” ಎಂದರು.

ಇಟ್ಟೆ. ಒಂಟಿಕಾಲಲ್ಲಿ ಗೋಡೆ ಹಿಡಿದು ನಿಂತೆ. ಪಾಳಿಯಲ್ಲಿದ್ದ ಹೆಂಗಸರು ಲೊಚಗುಟ್ಟಿದರು. ಹೀಗೇ ಕುಪ್ಪಳಿಸಿಕೊಂಡು ಒಳಗೆ ಹೋದರೆ ಆ ಲೊಚಲೊಚವೆಲ್ಲ ಓಟಾಗುವುದು ಖಾತ್ರಿಯಿತ್ತು. ಆದರೆ ಆ ಓಟು ನನಗೆ ಬೇಡವಾಗಿತ್ತು.

ಅಷ್ಟರಲ್ಲಿ ಎದುರಾಳಿಯೇ ಬಂದ. ನಾವಿಬ್ಬರೂ ಅದೇ ಶಾಲೆಯಲ್ಲಿ ಕೂಡಿ ಕಲಿತವರು. ತನ್ನ ಏಜೆಂಟನಿಗೆ ಬೈದು, “ಬಾರಲೇ, ಹೆಗಲ ಮ್ಯಾಲ ಕೈ ಹಾಕು. ಇಬ್ರೂ ಕೂಡೇ ಹೋಗಿ ಹಾಕಿ ಬರೂಣು,” ಎಂದ. ಕೈ ಹಾಕಿದೆ. ಊರೆಲ್ಲ ನೋಡುತ್ತಿರುವಾಗಲೇ ಒಳಗೆ ಹೋದೆವು.

ಸೋತೆ, ಅದೂ ಹೀನಾಯವಾಗಿ. ನಮ್ಮ ಓಣಿಯೇ ಕೈಕೊಟ್ಟಿತ್ತು.

ಮರುದಿನ ತಡೆಯಲಾರದೆ ಪಕ್ಕದ ಮನೆಯ ಮುದುಕಿಯನ್ನು ಕೇಳಿದೆ: “ಯಾಕಬೇ ಆಯಿ, ನನಗ ಹಾಕ್ತೇನಿ ಅಂದಿದ್ದೆಲ್ಲ?”

ಅವಳು ಜೋಳ ಹಸನು ಮಾಡುತ್ತಿದ್ದಳು. “ನೀನಽ ಅವನ ಹೆಗಲ ಮ್ಯಾಲ ಕೈ ಹಾಕ್ಕೊಂಡು ಹೊಂಟಿದ್ದಿ. ಇಬ್ರೂ ಒಳಗಿಂದೊಳಗ ರಾಜಿ ಆಗ್ಯಾರ, ಇಂವ ಅವಗ ಸೀಟು ಬಿಟ್ಟುಕೊಟ್ಟಾನ ಅಂತ ಇಡೀ ಪಾಳಿ ಮಾತಾಡ್ತು. ನಾವೂ ಅವಗ ಹಾಕಿದ್ವಿ.”

“ಕೋಲಿಲ್ಲದ ಹೆಂಗ ನಡೀಲಿಬೇ? ನಾ ಕುಂಟ ಅಲ್ಲೇನು?”

ಆಯಿಯ ಕೈ ಮೊರದಲ್ಲೇ ನಿಂತಿತು. ತಲೆಯೆತ್ತಿ ನನ್ನ ಕಾಲು ನೋಡಿದಳು. “ಅಯ್ಯ, ಹೌದಲ್ಲೋ,” ಎಂದಳು. “ಅದು ಯಾರಿಗೂ ನೆನಪಽ ಬರಲಿಲ್ಲ ನೋಡು.”

ಸೋತ ಮರುದಿನ ಅಷ್ಟು ಖುಷಿಯಿಂದ ಮನೆಗೆ ಹೋದ ಅಭ್ಯರ್ಥಿ ನಮ್ಮ ತಾಲ್ಲೂಕಿನಲ್ಲಿ ಇನ್ನೊಬ್ಬನಿರಲಿಕ್ಕಿಲ್ಲ.