ಆರ್ವಿಲ್ ಕಳೆದ ಹತ್ತು ಅಂಕ

ಅಯೋವಾದ ನಮ್ಮ ಊರಿನಲ್ಲಿ ಮೂವತ್ತು ವರ್ಷ ಅಂಚೆ ಹಂಚಿ ನಿವೃತ್ತನಾದ ಆರ್ವಿಲ್ ಟ್ಯಾಡನ್‌ಗೆ ನಾಯಿ ಕಂಡರೆ ಭಯವಿರಲಿಲ್ಲ, ಹಿಮ ಕಂಡರೆ ಭಯವಿರಲಿಲ್ಲ. ಪಕ್ಷಪಾತ ಅಂದರೆ ಮಾತ್ರ ನಡುಕ. ನಮ್ಮೂರ ಬೇಸ್‌ಬಾಲ್ ತಂಡವೆಂದರೆ ದೊಡ್ಡ ತಂಡವೊಂದು ಎಳೆಯ ಆಟಗಾರರನ್ನು ಪಳಗಿಸಲು ಇಟ್ಟುಕೊಂಡ ಕಿರಿಯ ತಂಡ. ಅವರಲ್ಲಿ ಯಾರು ಮೇಲೇರುವವರು ಎಂದು ಆರ್ವಿಲ್ ಪ್ರತಿ ಜೂನ್‌ನಲ್ಲಿ ಹದಿನೈದು ಹೆಸರು ಬರೆದು ನನ್ನ ಕ್ಷೌರದಂಗಡಿಯ ಕನ್ನಡಿ ಪಕ್ಕ ಅಂಟಿಸುತ್ತಿದ್ದ. ತಂಡದ ಯಜಮಾನರು ಅದನ್ನು ಮೂಸಿಯೂ ನೋಡುತ್ತಿರಲಿಲ್ಲ. ಆಟಗಾರರು ಮಾತ್ರ ಕೂದಲು ಬೆಳೆಯದಿದ್ದರೂ ಕ್ಷೌರಕ್ಕೆ ಬರುತ್ತಿದ್ದರು. ನನಗೇನು ನಷ್ಟ?

ಬಲ್ಲವರ ಪದ್ಧತಿಯಂತೆ ಅವನ ಅಂಕ ಇಪ್ಪತ್ತರಿಂದ ಎಂಬತ್ತರವರೆಗೆ. ಐವತ್ತೆಂದರೆ ಸಾಧಾರಣ, ಎಂಬತ್ತನ್ನು ಯಾರಿಗೂ ಕೊಟ್ಟವನಲ್ಲ. ಈ ರೋಗ ಮೈದಾನದಲ್ಲೇ ನಿಂತಿದ್ದರೆ ಚೆನ್ನಾಗಿತ್ತು. ಪಾದ್ರಿಯ ಪ್ರವಚನಕ್ಕೆ ನಲವತ್ತು, ನನ್ನ ಕತ್ತರಿಗೆ ನಲವತ್ತೈದು. ಜಿಲ್ಲಾ ಮೇಳದಲ್ಲಿ ನಾಲ್ಕು ಸಲ ಮೊದಲ ಬಹುಮಾನದ ನೀಲಿ ರಿಬ್ಬನ್ ಗೆದ್ದ ತನ್ನ ಹೆಂಡತಿ ಡಾರ್ಲೀನಳ ಚೆರ್ರಿ ಪೈಗೆ ನಲವತ್ತೊಂದು ವರ್ಷದಿಂದಲೂ ಐವತ್ತೈದೇ.

ಆಗೆಲ್ಲ ಬೇಸಿಗೆಯಲ್ಲಿ ಆಟಗಾರರನ್ನು ಊರಿನವರೇ ಮನೆಯಲ್ಲಿಟ್ಟುಕೊಳ್ಳುವ ರೂಢಿ. ಆ ವರ್ಷ ಆರ್ವಿಲ್‌ನ ಮನೆಗೆ ಡೊಮಿನಿಕನ್ ದೇಶದ ವಿಲ್ಕಿನ್ ಪೆಗೆರೋ ಬಂದ. ಕ್ಯಾಚರ್, ಅಂದರೆ ಬ್ಯಾಟು ಹಿಡಿದವನ ಹಿಂದೆ ಕೂತು ಚೆಂಡು ಹಿಡಿಯುವವನು. ಓಟ ಆಮೆಯದು, ಆದರೆ ಕುಕ್ಕರಗಾಲಿನಲ್ಲೇ ಚೆಂಡೆಸೆದು, ಎದುರು ತಂಡದಲ್ಲಿ ಕದ್ದೋಡುವವರನ್ನು ಔಟ್ ಮಾಡುತ್ತಿದ್ದ. ಡಾರ್ಲೀನ್ ಅವನಿಗಾಗಿ ಬಾಳೆಕಾಯಿ ಹುರಿಯುವುದನ್ನು ಕಲಿತಳು.

ಜೂನ್ ಪಟ್ಟಿಯಲ್ಲಿ ಅವನ ಹೆಸರೇ ಇರಲಿಲ್ಲ. ಕ್ಷೌರದ ನಡುವೆ, ಅರ್ಧ ತಲೆ ಬೋಳಾಗಿದ್ದಾಗಲೇ ವಿಲ್ಕಿನ್ ಕುರ್ಚಿಯಿಂದೆದ್ದು ಮೂರು ಸಲ ಓದಿದ. ಪಟ್ಟಿಯ ಫೋಟೋ ಕಳಿಸುತ್ತೇನೆಂದು ತಾಯಿಗೆ ಮಾತು ಕೊಟ್ಟಿದ್ದನಂತೆ. ಅಂದಿನಿಂದ ಡಾರ್ಲೀನ್ ಪೈ ಮಾಡುವುದನ್ನು ನಿಲ್ಲಿಸಿದಳು, ವಿಲ್ಕಿನ್‌ನ ಎಸೆತಗಳು ದಾರಿ ತಪ್ಪತೊಡಗಿದವು.

ಒಂದು ಭಾನುವಾರ ನಾನೂ ಅವರ ಮನೆಯಲ್ಲಿ ಊಟಕ್ಕಿದ್ದೆ. ವಿಲ್ಕಿನ್ ತಟ್ಟೆಯಿಂದ ತಲೆಯೆತ್ತದೆ, ತನ್ನೂರಲ್ಲಿ ಹಿರಿಯರಿಗೆ ಹೇಳುವ ‘ದೋನ್’ ಸೇರಿಸಿ ಕೇಳಿದ: “ದೋನ್ ಆರ್ವಿಲ್, ನಾನು ಅಷ್ಟು ಕೆಟ್ಟದಾಗಿ ಆಡ್ತೀನಾ? ಹಾಗಿದ್ರೆ ಈಗಲೇ ಹೇಳಿಬಿಡಿ, ಊರಿಗೆ ಹೋಗಿ ಬೇರೆ ಕೆಲಸ ನೋಡ್ಕೋತೀನಿ.”

ಆರ್ವಿಲ್ ಅಂದ: “ಇಲ್ಲಪ್ಪ, ಚೆನ್ನಾಗೇ ಆಡ್ತೀಯ. ನೀನು ನಮ್ಮನೆಯವನು, ಪಕ್ಷಪಾತ ಆಗಬಾರದು ಅಂತ ಹತ್ತು ಕಳೆದೆ.”

ಡಾರ್ಲೀನ್ ಚಮಚ ಕೆಳಗಿಟ್ಟಳು. “ನನ್ನ ಪೈಗೂ ಕಳೀತಿದ್ಯಾ?”

ಆರ್ವಿಲ್‌ಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಹೂಂ ಅಂದ.

ಮರುದಿನ ಅಂಗಡಿ ತುಂಬ ಜನರಿದ್ದಾಗ ಬಂದು ಹಳೆಯ ಪಟ್ಟಿ ಕಿತ್ತು, ಹೊಸದನ್ನು ಅಂಟಿಸಿದ. ಒಂಬತ್ತನೆಯ ಹೆಸರು ವಿಲ್ಕಿನ್‌ನದು. ಕೆಳಗೆ ಕೆಂಪು ಶಾಯಿಯಲ್ಲಿ ‘ಹಿಂದಿನದು ನನ್ನ ತಪ್ಪು’ ಎಂದಿತ್ತು. ವಿಲ್ಕಿನ್ ಫೋಟೋ ತೆಗೆದುಕೊಂಡ. ನನಗೆ ಎಷ್ಟು ಸಂತೋಷವಾಯಿತೆಂದರೆ ಅವನಿಂದ ಕ್ಷೌರಕ್ಕೆ ಕಾಸು ತೆಗೆದುಕೊಳ್ಳಲಿಲ್ಲ. ಆಮೇಲಷ್ಟೇ ಗಮನಿಸಿದೆ, ಪಟ್ಟಿಯಿಂದ ಹೊರಬಿದ್ದ ಹದಿನೈದನೆಯವನು ನನ್ನ ಮನೆಯಲ್ಲಿದ್ದ ಆಟಗಾರ.

ಮುಂದಿನ ಭಾನುವಾರ ಪೈ ಮರಳಿತು. ವಿಲ್ಕಿನ್‌ಗೆ ಅಂಗೈಯಗಲದ ತುಂಡು, ನನಗೂ ಅಷ್ಟೇ. ಆರ್ವಿಲ್‌ನ ತಟ್ಟೆಗೆ ಬೆರಳಗಲದ್ದು ಬಿತ್ತು. ಇದೇನು ಎಂದು ಕೇಳಿದ.

“ನೀನೂ ನಮ್ಮನೆಯವನೇ ಅಲ್ವಾ,” ಅಂದಳು ಡಾರ್ಲೀನ್. “ಅದಕ್ಕೆ ಕಳೆದೆ.”

ಅವನು ತುಂಡು ತಿಂದ. ತಟ್ಟೆಯ ಪುಡಿಯನ್ನೂ ಬೆರಳಲ್ಲಿ ಒರೆಸಿ ತಿಂದು, ಅರವತ್ತೈದು ಅಂದ. ಅವಳ ಚಾಕು ಅಲುಗಲಿಲ್ಲ. ಆರ್ವಿಲ್ ನನ್ನ ಮುಖ ನೋಡಿದ, ವಿಲ್ಕಿನ್ ಮುಖ ನೋಡಿದ, ಕೊನೆಗೆ ಪೈ ನೋಡಿದ.

“ಎಂಬತ್ತು,” ಅಂದು ತಟ್ಟೆ ಮುಂದೆ ಚಾಚಿದ.